ಮನುಷ್ಯರಿಲ್ಲದ ಬೀದಿ

ಅಕ್ಟೋಬರ್ ಹದಿನಾಲ್ಕರ ಬೆಳಗ್ಗೆ ಮಾಂಗಾ ಎಂಬ ಜಪಾನಿ ಕಾಮಿಕ್ಸ್ ಬರೆಯುವ ತೊಕಿವಾ ನಾಯೆ ನಾಗೋಯಾದ ಠಾಣೆಗೆ ಬಂದು ದೂರು ಕೊಟ್ಟರು. ಯಾರೋ ಅವರ ಪುಟಗಳನ್ನು ನಕಲು ಮಾಡಿ, ಮನುಷ್ಯರನ್ನೂ ಮಾತನ್ನೂ ಅಳಿಸಿ, ಪುಸ್ತಕ ಮಾಡಿ ಅಭಿಮಾನಿಗಳ ಸಂತೆಯಲ್ಲಿ ಮಾರಿದ್ದರು. ಅದರಲ್ಲಿ ಉಳಿದಿದ್ದು ಬರೀ ಬೀದಿ, ಮೆಟ್ಟಿಲು, ಕರೆಂಟು ತಂತಿ.

ಇನ್ಸ್‌ಪೆಕ್ಟರ್ ಹಿರೂಮಾ ಪುಟ ತಿರುವಿದರು. "ಆ ಸಂತೇಲಿ ಎಲ್ರೂ ನಿಮ್ಮ ಪಾತ್ರಗಳನ್ನ ಬರ್ದು ಮಾರ್ತಾರಲ್ಲ ಮೇಡಂ, ಆಗ ಸುಮ್ನಿರ್ತೀರಿ?"

"ಅವ್ರು ತಮ್ಮ ಕೈಯಾರೆ ಬರೀತಾರೆ. ನಾನೂ ಹಾಗೇ ಶುರು ಮಾಡಿದ್ದು. ಇವ್ನು ನನ್ನ ಪುಟಾನೇ ಎತ್ತಿದಾನೆ."

ಎಫ್‌ಐಆರ್ ಆಯಿತು. ಮಾರಿದವನು ಸಂತೆಗೆ ಕೊಟ್ಟಿದ್ದ ಹೆಸರು ಸುಳ್ಳು. ಕಾನ್‌ಸ್ಟೇಬಲ್ ಕುಗಿಮಿಯಾ ಅಲ್ಲಿ ಪಕ್ಕದ ಮೇಜಿನಲ್ಲಿ ಮಾರಾಟಕ್ಕೆ ಕೂತಿದ್ದ ಹೆಂಗಸನ್ನು ಹುಡುಕಿ ಹೋದ.

"ಮುಖ ನೋಡಿದ್ರಾ?"

"ಮಾಸ್ಕ್ ಹಾಕಿದ್ದನಪ್ಪ. ಆದ್ರೆ ಮರ್ಯಾದಸ್ಥ. ಬೆಳಗ್ಗೆ ಬಂದವ್ನೇ ಪದ್ಧತಿ ಪ್ರಕಾರ ಅಕ್ಕಪಕ್ಕದವ್ರಿಗೆಲ್ಲ ಒಂದೊಂದು ಪುಸ್ತಕ, ಸಿಹಿ ಕೊಟ್ಟು ತಲೆ ಬಾಗಿಸ್ದ."

"ಏನ್ ಸಿಹಿ?"

"ಚೆಸ್ಟ್‌ನಟ್ ಅರೆದು ಮಾಡಿದ್ದು. ನಾಕಾತ್ಸುಗಾವಾದಲ್ಲಿರೋ ಅವ್ರಮ್ಮ ಮಾಡಿ ಕಳ್ಸಿದ್ದಂತೆ."

ಕುಗಿಮಿಯಾಗೆ ನಗು ಬಂತು. ಕಳ್ಳತನಕ್ಕೆ ಹೊರಟವನು ಮರ್ಯಾದೆಯನ್ನು ಮನೆಯಲ್ಲಿಟ್ಟು ಬಂದಿರಲಿಲ್ಲ.

ವಿಷಯ ಕೇಳಿ ತೊಕಿವಾ ಫೋನಿನಲ್ಲೇ ಹೆಸರು ಹೇಳಿದರು. "ಒಗಿಸೊ. ಒಂಬತ್ತು ವರ್ಷ ನನ್ನ ಹತ್ರ ಹಿನ್ನೆಲೆ ಚಿತ್ರ ಬರೀತಿದ್ದ. ಪ್ರತಿ ವರ್ಷ ನಮಗೂ ಅದೇ ಸಿಹಿ."

ಹದಿನೇಳರ ಸಂಜೆ ಒಗಿಸೊನ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಮಾರದೆ ಉಳಿದ ಪುಸ್ತಕಗಳು ಕಪಾಟಿನಲ್ಲೇ ಇದ್ದವು. ಅವನನ್ನು ಬಂಧಿಸಿ ಠಾಣೆಗೆ ತಂದರು.

"ಯಾಕಯ್ಯ ಮಾಡ್ದೆ?" ಹಿರೂಮಾ ಕೇಳಿದರು.

"ಮನುಷ್ಯರೆಲ್ಲ ಮೇಡಂ ಬರ್ದಿದ್ದು. ಅದಕ್ಕೇ ಒಬ್ಬೊಬ್ರನ್ನೂ ಅಳಿಸ್ದೆ ಸರ್. ಉಳಿದಿದ್ದೆಲ್ಲ ನಾನ್ ಬರ್ದಿದ್ದು."

"ಸಂಬಳ ತಗೊಂಡು ಬರ್ದಿದ್ದು. ಹಕ್ಕು ಅವ್ರದು."

"ಗೊತ್ತು ಸರ್. ಕತೆ ಓದೋವ್ರು ಬೀದಿ ನೋಡಲ್ಲ. ಒಬ್ರಾದ್ರೂ ನೋಡ್ಲಿ ಅನ್ನಿಸ್ತು."

ಮರುದಿನ ಮೂಲದೊಂದಿಗೆ ತಾಳೆ ನೋಡಲು ಹಿರೂಮಾ ತೊಕಿವಾರನ್ನು ಕರೆಸಿದರು. ಒಂದು ಪುಟದ ಮುಂದೆ ಅವರು ಮೂಲ ತೆಗೆಯದೆ ಬಹಳ ಹೊತ್ತು ಕೂತರು.

"ಈ ಬಾಗಿದ ಕಂಬ, ಈ ಬಸ್ ಸ್ಟಾಪು ಎಲ್ಲ ಗೊತ್ತು. ಇಲ್ಲಿ ಯಾರನ್ನ ನಿಲ್ಲಿಸಿದ್ದೆ ಅಂತಾನೇ ನೆನಪಾಗ್ತಿಲ್ಲ."

ಹಿರೂಮಾ ಆ ಪುಟ ಹಿಡಿದು ಲಾಕಪ್ಪಿಗೆ ಹೋದರು. ಒಗಿಸೊ ಒಂದೇ ಸಲ ನೋಡಿದ.

"ಕತೇಲಿ ಬರೋ ತಂಗಿ, ಸರ್. ಅಣ್ಣನಿಗೆ ಕಾಯ್ತಾ ನಿಂತಿದ್ಲು. ಅವಳನ್ನ ಎಲ್ರಿಗಿಂತ ಕೊನೇಲಿ ಅಳಿಸ್ದೆ."

ಹಿರೂಮಾಗೆ ಅವನ ಮೇಲೆ ಕನಿಕರ ಹುಟ್ಟಿತು. ಹೇಳಿಕೆಯ ಕೊನೆಗೆ ಆ ತಂಗಿಯ ಮಾತನ್ನೂ ಅವನು ಹೇಳಿದಂತೆಯೇ ಬರೆದು ಸಹಿ ಹಾಕಿಸಿಕೊಂಡರು.