ಇವತ್ತು ಪ್ಲಗ್ ಹಾಕು

"ಇವತ್ತು ಬ್ಯಾಟರಿ ಬದಲಾಯಿಸೋದು ಬೇಡ. ಪ್ಲಗ್ ಹಾಕು."

ಗೆಂಗ್ ಶುವೋ ಇಷ್ಟು ಹೇಳಿ ಕ್ಯಾಬಿನ್‌ನಿಂದ ಧುಮುಕಿದ. ರೂಯಿನ್ ಅವನನ್ನೂ, ವಿನೆಗರ್ ಜಾಡಿ ತುಂಬಿಕೊಂಡು ನಿಂತ ಅವನ ಎಲೆಕ್ಟ್ರಿಕ್ ಲಾರಿಯನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ತೈಹಾಂಗ್ ಘಟ್ಟದ ಬುಡದ ಈ ಸ್ಟೇಷನ್ನಿನಲ್ಲಿ ಲಾರಿಗಳ ಖಾಲಿ ಬ್ಯಾಟರಿ ಕಳಚಿ, ತುಂಬಿದ್ದನ್ನು ಕೂರಿಸುವ ಯಂತ್ರ ನಡೆಸುವವಳು ಅವಳು.

"ಉಸ್ತಾದ್, ಜ್ವರಗಿರ ಬಂದಿದ್ಯಾ? ಬದಲಾಯಿಸಿದ್ರೆ ಐದೇ ನಿಮಿಷ. ಪ್ಲಗ್ ಹಾಕಿ ಚಾರ್ಜ್ ಮಾಡಿದ್ರೆ ಗಂಟೆ ಮೇಲಾಗುತ್ತೆ. ಲೋಡ್ ಇಟ್ಕೊಂಡು ಯಾರಾದ್ರೂ ಪ್ಲಗ್ ಹಾಕ್ತಾರಾ?"

"ನಾನ್ ಹಾಕ್ತೀನಿ."

"ಬೇರೆ ಡ್ರೈವರ್‌ಗಳು ನೋಡಿದ್ರೆ ನಗ್ತಾರೆ."

ಮೊದಲು ನಕ್ಕವಳು ಅವಳೇ. ನಗುವಾಗ ಮಫ್ಲರ್ ಜಾರಿ ಕೆನ್ನೆಯ ಕೆಂಪು ಇಣುಕಿತು. ಚಳಿಯದೋ, ಬೇರೇನೋ!

ಇಡೀ ಚಳಿಗಾಲ ಗೆಂಗ್ ಅವಳನ್ನು ಪ್ರೀತಿಸಿದ್ದೆಲ್ಲ ಆ ಹಾಳು ಐದು ನಿಮಿಷಗಳಲ್ಲೇ. 'ಊಟ ಆಯ್ತಾ' ಅನ್ನುವಷ್ಟರಲ್ಲಿ ಯಂತ್ರದ ಹಸಿರು ದೀಪ, ಹಿಂದಿನಿಂದ ಹಾರ್ನ್, ಹೊರಡು ಹೊರಡು.

ಇವತ್ತು ಬೇಕಾದಷ್ಟು ಹೊತ್ತಿದೆ, ನಾಲಿಗೆಯೇ ಏಳುತ್ತಿಲ್ಲ. ಲಾರಿಗೆ ಒಂದು ಸುತ್ತು ಹಾಕಿದ. ಟೈರ್ ಒದ್ದು ನೋಡಿದ. ಇನ್ನೊಂದು ಸುತ್ತು. ಹೇಳಿಬಿಡಲಾ? ಬೇಡವಾ? ನಕ್ಕುಬಿಟ್ಟರೆ?

ರೂಯಿನ್ ಹಬೆಯಾಡುವ ನೂಡಲ್ಸ್ ಬಟ್ಟಲು ಎರಡನ್ನು ಬೆಂಚಿನ ಮೇಲಿಟ್ಟಳು. "ಕೂತ್ಕೋ ಮಾರಾಯ, ನೋಡಿ ನೋಡಿ ನಂಗೇ ತಲೆ ಸುತ್ತು. ಏನಾಗಿದೆ ನಿಂಗೆ?"

"ನಾಳೆಯಿಂದ ಹೊಸ ಗಾಡಿ ಕೊಡ್ತಾರೆ. ದೊಡ್ಡ ಬ್ಯಾಟರಿ. ಒಂದೇ ಚಾರ್ಜಲ್ಲಿ ಘಟ್ಟ ದಾಟಿ ತಿಯಾನ್‌ಜಿನ್ ಬಂದರು ಮುಟ್ಟುತ್ತಂತೆ. ಇಲ್ಲಿ ನಿಲ್ಲೋದೇ ಬೇಡ್ವಂತೆ."

ಅವಳ ಕೈಯ ಊಟದ ಕಡ್ಡಿಗಳು ಗಾಳಿಯಲ್ಲೇ ನಿಂತವು. "ಒಳ್ಳೇದಾಯ್ತಲ್ಲ. ಇದನ್ನ ಹೇಳೋಕೆ ಒಂದು ಗಂಟೆ ಬೇಕಿತ್ತಾ?"

"ಅದಲ್ಲ! ನಿಲ್ದೇ ಹೋದ್ರೆ ನಿನ್ನ ಹೇಗೆ ನೋಡ್ಲಿ? ನಂಗೆ ನೀನು ಬೇಕು ರೂಯಿನ್. ಐದೈದು ನಿಮಿಷ ಅಲ್ಲ, ಪೂರ್ತಿ ಬೇಕು."

ಹೇಳಿಯೇಬಿಟ್ಟ! ಕಿವಿಯೆಲ್ಲ ಬಿಸಿ. ಅವಳು ತಲೆ ಎತ್ತಲಿಲ್ಲ. ಅವನ ಬಟ್ಟಲಿಗೆ ವಿನೆಗರ್ ಸುರಿದಳು, ಸುರಿಯುತ್ತಲೇ ಇದ್ದಳು.

"ರೂಯಿನ್, ಸಾಕು."

"ಒಂದೇ ಚಾರ್ಜು ಅಂತ ಹೇಳಿದ್ದ್ಯಾರು?" ಅವಳು ವಿನೆಗರ್ ಬಾಟಲಿ ಕೆಳಗಿಟ್ಟಳು. "ಅದು ಖಾಲಿ ಗಾಡಿ ಲೆಕ್ಕ, ಬೇಸಿಗೆ ಲೆಕ್ಕ. ಈ ಚಳೀಲಿ, ಇಷ್ಟು ಭಾರ ಹೊತ್ಕೊಂಡು, ಹೀಟರ್ ಬೇರೆ ಹಾಕ್ಕೊಂಡು ಹೋದ್ರೆ ಅರ್ಧ ಘಟ್ಟಕ್ಕೇ ಏದುಸಿರು ಬಿಡುತ್ತೆ. ಘಟ್ಟ ಹತ್ತೋಕೆ ಮುಂಚೆ ತೆಪ್ಪಗೆ ನನ್ ಹತ್ರ ಬಂದು ನಿಲ್ತೀಯ, ನೋಡ್ತಿರು."

ಗೆಂಗ್‌ನ ಮುಖ ಅರಳಿತು. ಮರುಕ್ಷಣವೇ ಬಾಡಿತು.

"ಮತ್ತೆ ಬೇಸಿಗೇಲಿ?"

ಈಗ ಅವಳು ನೇರವಾಗಿ ಅವನ ಕಣ್ಣಲ್ಲೇ ಕಣ್ಣಿಟ್ಟಳು.

"ಪೆದ್ದ! ಬೇಸಿಗೆ ಹೊತ್ತಿಗೆ, ಹೆಂಡ್ತಿ ನೋಡೋಕೆ ಚಾರ್ಜಿಂಗ್ ಸ್ಟೇಷನ್ನಿಗೆ ಯಾಕ್ ಬರ್ತೀಯ? ಮನೇಗ್ ಬಾ."