ಅಡಿವೆಪ್ಪನ ಮಾದರಿ ಹೃದಯ

ಎರಡು ಸಾವಿರದ ಐವತ್ತೆಂಟನೆಯ ಇಸವಿಯ ಶ್ರಾವಣದಲ್ಲಿ ಇಡೀ ರಾಜ್ಯದ ಅತ್ಯಂತ ಆರೋಗ್ಯವಂತ ಹೃದಯ ನವಲಗುಂದದ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಅದು ಗಾಣದ ಅಡಿವೆಪ್ಪನದು. ಎದೆಯೊಳಗೆ ಕೂರಿಸಿದ, ಬಟಾಣಿಯಷ್ಟು ದೊಡ್ಡ ಪೇಸ್‌ಮೇಕರ್ ಹೃದಯವನ್ನು ಸಣ್ಣ ವಿದ್ಯುತ್ತಿನಿಂದ ತಟ್ಟಿ ನಡೆಸುತ್ತಿತ್ತು. ಹತ್ತಿರವಿದ್ದ ಫೋನು ಆ ಮಿಡಿತವನ್ನು ಆಲಿಸಿ ಧಾರವಾಡದ ಕೇಂದ್ರಕ್ಕೆ ಮುಟ್ಟಿಸುತ್ತಿತ್ತು. ಹತ್ತು ತಿಂಗಳಿಂದ ಒಂದು ಏರಿಲ್ಲ, ಒಂದು ಇಳಿವಿಲ್ಲ. ನಿಮಿಷಕ್ಕೆ ಸರಿಯಾಗಿ ಅರವತ್ತು.

ಈ ಏರ್ಪಾಡಿಗೆ ‘ನಾಡಿಗಾವಲು’ ಎಂದು ಹೆಸರಿಟ್ಟು ಕಟ್ಟಿ ನಿಲ್ಲಿಸಿದವಳು ಡಾಕ್ಟರ್ ಇಂದುಮತಿ ಕಟ್ಟಿ. ಅದು ಬರೀ ಕಾಯುತ್ತಿರಲಿಲ್ಲ, ಕಲಿಯುತ್ತಲೂ ಇತ್ತು. ಪೇಸ್‌ಮೇಕರ್ ಇದ್ದ ಎಂಟು ಸಾವಿರ ಹೃದಯಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದನ್ನು ಆರಿಸಿ, ಉಳಿದವರ ಲಯವನ್ನು ಅವರವರ ಫೋನಿನ ಮೂಲಕವೇ ದಿನಕ್ಕಿಷ್ಟು ಆ ಮಾದರಿಯತ್ತ ತಿದ್ದುತ್ತಿತ್ತು.

ಅವರಲ್ಲೊಬ್ಬಳಾದ ಗದಗಿನ ಹೊಲಿಗೆ ಟೀಚರ್ ಪ್ರೇಮಲತಾ ಹೂಗಾರ ಮೂರು ಸಲ ಕರೆ ಮಾಡಿದ್ದಳು. ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ ಕವಿಯುತ್ತದೆ ಎಂದಿದ್ದಳು. ಇಂದುಮತಿ ಮೂರು ಸಲವೂ ಪರದೆ ನೋಡಿ, ‘ಸ್ಥಿತಿ ಉತ್ತಮ’ ಅಂತಿದೆ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಸಮಾಧಾನ ಹೇಳಿದ್ದಳು. ಮೊನ್ನೆ ಆ ಹೆಂಗಸು ಬಿದ್ದು ಹಣೆ ಒಡೆದುಕೊಂಡ ಸುದ್ದಿ ಬಂತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು; ಇಂದುಮತಿ ಕಾಣದೆಯೇ ನಂಬಿದ್ದಳು. ಆ ಮಾದರಿ ಮನುಷ್ಯನನ್ನಾದರೂ ಕಣ್ಣಾರೆ ನೋಡೋಣವೆಂದು ಬೆಳಗ್ಗೆಯೇ ಹೊರಟಳು.

ಮನೆಗೆ ಬೀಗ ಹಾಕಿತ್ತು. ನೆರೆಯವರು ಹೊಲದ ಕಡೆ ಕೈ ತೋರಿಸಿದರು. ಬದುವಿನ ಪಕ್ಕದಲ್ಲಿ ಒಂದು ಸಣ್ಣ ಗದ್ದುಗೆ, ಅದರ ಮೇಲೊಂದು ಫೋನು, ಮುಂದೆ ಅಡಿವೆಪ್ಪನ ಹೆಂಡತಿ ನೀಲಗಂಗವ್ವ.

“ಅಡಿವೆಪ್ಪನವರು ಎಲ್ಲಿದ್ದಾರ, ಅವ್ವಾ?”

ಮುದುಕಿ ಗದ್ದುಗೆಯ ಮೇಲೆ ಕೈ ಇಟ್ಟಳು. “ಇಲ್ಲೇ ಅದಾರ್ರಿ ಅಕ್ಕಾರ. ಬರೋ ಶೀಗಿ ಹುಣ್ಣಿವಿಗೆ ವರ್ಷ ಆಕ್ಕೈತಿ.”

ಫೋನು ಸಣ್ಣಗೆ ಸದ್ದು ಮಾಡಿತು. ಸ್ಥಿತಿ ಉತ್ತಮ.

ಇಂದುಮತಿಯ ಮನೆತನದಲ್ಲಿ ಸತ್ತವರನ್ನು ಸುಡುತ್ತಾರೆ. ಬೆಂಕಿಯಲ್ಲಿ ಪೇಸ್‌ಮೇಕರ್ ಸಿಡಿಯುವುದರಿಂದ ಮೊದಲೇ ಅದನ್ನು ತೆಗೆಸುತ್ತಾರೆ, ಆಸ್ಪತ್ರೆಗೆ ತಾನಾಗಿಯೇ ಗೊತ್ತಾಗುತ್ತದೆ. ಸಾವಿನ ಲೆಕ್ಕವನ್ನೆಲ್ಲ ಅವಳು ಅದರ ಮೇಲೆಯೇ ಕಟ್ಟಿದ್ದಳು. ಮಣ್ಣು ಮಾಡುವವರ ನೆನಪೇ ಆಗಿರಲಿಲ್ಲ, ಅದೂ ಧಾರವಾಡದಲ್ಲೇ ಹುಟ್ಟಿ ಬೆಳೆದವಳಿಗೆ. ಮಣ್ಣಿನೊಳಗೆ ಯಂತ್ರ ತಟ್ಟುತ್ತಲೇ ಇತ್ತು. ಫೋನು ಆ ತಟ್ಟನ್ನೇ ಮಿಡಿತವೆಂದು ಎಣಿಸಿತ್ತು. ಬದುಕಿದ ಹೃದಯ ಮೆಟ್ಟಿಲಲ್ಲಿ ಓಡಬೇಕು, ನಿದ್ದೆಯಲ್ಲಿ ನಿಧಾನಿಸಬೇಕು. ಅಂಥ ಎಂಟು ಸಾವಿರವನ್ನು ನಾಡಿಗಾವಲು ಹತ್ತು ತಿಂಗಳು ಸತ್ತವನ ಅಳತೆಗೆ ತಿದ್ದುತ್ತಾ ಬಂದಿತ್ತು.

“ಇದು ಸುಳ್ಳು ಅಂತ ನಿಮಗ ಗೊತ್ತಿರಲಿಲ್ಲೇನ್ರಿ?” ಇಂದುಮತಿ ಫೋನಿನತ್ತ ಬೆರಳು ಮಾಡಿದಳು.

“ಗೊತ್ತಿಲ್ದ ಏನ್ರಿ? ಮೂರು ಹಿಡಿ ಮಣ್ಣು ಹಾಕಿದಾಕಿ ನಾನು. ಆರಾಮ ಅದಾರ ಅಂತ ಹೇಳತೈತಲ್ಲ, ಕೇಳಾಕ ಹಿತ ಅನಸ್ತೈತಿ, ಇಟ್ಕೊಂಡು ಕುಂದರ್ತೀನಿ.” ಮುದುಕಿ ಅವಳನ್ನು ಮರುಕದಿಂದ ನೋಡಿದಳು. “ನೀವು ಖರೇ ಅಂತ ತಿಳ್ಕೊಂಡಿದ್ರೇನ್ರಿ?”

ಇಂದುಮತಿಗೆ ಹೇಳಿಕೊಳ್ಳಲಾಗದಷ್ಟು ನಾಚಿಕೆಯಾಯಿತು. ಬದುವಿನ ಮೇಲೆ ನಿಂತೇ ಕೇಂದ್ರಕ್ಕೆ ಕರೆ ಮಾಡಿ, ತಿದ್ದುವುದನ್ನು ಈಗಿಂದೀಗಲೇ ನಿಲ್ಲಿಸಿ, ಎಲ್ಲರಿಗೂ ಹಳೆಯ ಲಯ ಹಿಂತಿರುಗಿಸಿ ಎಂದಳು. ಆಮೇಲೆ ಗದಗಿನ ನಂಬರು ಒತ್ತಿದಳು. ಈ ಸಲ ಪರದೆಯ ಕಡೆ ನೋಡಲಿಲ್ಲ.

“ಪ್ರೇಮಲತಾ ಅವರ, ಹೆಂಗದೀರಿ? ನಿಮಗ ಏನಾಗತೈತಿ, ಹೇಳ್ರಿ.”



“ನನ್ನ ಕೇಳಾಕತ್ತೀರೇನ್ರಿ ಡಾಕ್ಟರ್?” ಎಂದಳು ಪ್ರೇಮಲತಾ. “ಫೋನಿನ್ಯಾಗ ನೋಡಿಬಿಡ್ರಿ. ಅದು ಹೇಳೂದ ಖರೇ ಇರಬೇಕು. ನನಗಂತೂ ಈಗೀಗ ನನ್ನ ಮ್ಯಾಲ ನಂಬಿಗಿ ಉಳದಿಲ್ಲ.”