ಅತ್ತೆಗಾಗಿ ಕತ್ತರಿಸಿದ ಕೂದಲು

ಜುಲೈ ತಿಂಗಳ ಆ ಗುರುವಾರ ಬೆಳಿಗ್ಗೆ ಟೊಂಗಾ ದೇಶದ ನುಕುನುಕು ಠಾಣೆಯ ಬಾಗಿಲು ತೆರೆಯುವುದಕ್ಕೂ ಲೋಸಾ ಎಂಬ ಹೆಂಗಸು ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ಮೈಮೇಲೆ ಕಪ್ಪು ಬಟ್ಟೆ, ನಡುವಿಗೆ ಸಾವಿನ ಸೂತಕಕ್ಕೆಂದು ಅಲ್ಲಿಯವರು ಸುತ್ತಿ ಕಟ್ಟಿಕೊಳ್ಳುವ ಚಾಪೆ. ಕೈಹಿಡಿದು ನಿಂತ ಆರು ವರ್ಷದ ಮಗಳು ಎಲೆನೊವಾಳ ಎರಡು ಜಡೆಗಳು ಸೊಂಟ ಮುಟ್ಟುತ್ತಿದ್ದವು.

"ಏನು ದೂರು?" ಎಂದರು ಇನ್ಸ್‌ಪೆಕ್ಟರ್ ಸೊಲೊಮೊನೆ.

"ನನ್ನ ಮಗಳ ಹೆಸರು ಕಳುವಾಗಿದೆ."

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಹಂದಿ ಕಳುವಾದ ದೂರು, ದೋಣಿ ಕಳುವಾದ ದೂರು, ಒಮ್ಮೆ ಇಗರ್ಜಿಯ ಗಂಟೆಯೇ ಕಳುವಾದ ದೂರನ್ನೂ ಬರೆದುಕೊಂಡವರು ಅವರು. ಹೆಸರು ಕಳುವಾದದ್ದು ಇದೇ ಮೊದಲು. ಪೆನ್ನು ಕೆಳಗಿಟ್ಟು, "ಕೂತ್ಕೊಳ್ಳಿ, ನಿಧಾನಕ್ಕೆ ಹೇಳಿ" ಎಂದರು.

ವಿಷಯ ಹೀಗಿತ್ತು. ಲೋಸಾಳ ಗಂಡ ಸಮಿಯು ಹಣ್ಣು ಕೀಳುವ ಕೆಲಸಕ್ಕೆ ಆಸ್ಟ್ರೇಲಿಯಾಕ್ಕೆ ಹೋದವನು. ಅಲ್ಲಿ ಜ್ವರ ತಲೆಗೇರಿ ಆಸ್ಪತ್ರೆಯಲ್ಲಿದ್ದಾನೆ. ಡಾಕ್ಟರು ಫೋನ್ ಮಾಡಿ, ಬರುವುದಾದರೆ ಬೇಗ ಬನ್ನಿ ಎಂದಿದ್ದಾರೆ. ಮಂಗಳವಾರದ ವಿಮಾನಕ್ಕೆ ಇಗರ್ಜಿಯವರೆಲ್ಲ ಸೇರಿ ಟಿಕೆಟ್ ತೆಗೆಸಿಕೊಟ್ಟಿದ್ದಾರೆ. ಮಗಳಿಗೆ ಪಾಸ್‌ಪೋರ್ಟ್ ಮಾಡಿಸಲು ಹೋದರೆ ಕಚೇರಿಯವರು, ಈ ಮಗುವಿಗೆ ಏಪ್ರಿಲ್‌ನಲ್ಲೇ ಕೊಟ್ಟಾಗಿದೆ, ಇನ್ನೊಂದು ಕೊಡುವಂತಿಲ್ಲ, ಪೊಲೀಸರ ವರದಿ ತನ್ನಿ ಎಂದರು.

"ಮಗಳನ್ನು ಕೊನೇ ಸಲ ನೋಡಬೇಕು ಅಂತಿದಾನೆ ಇನ್ಸ್‌ಪೆಕ್ಟ್ರೇ. ನಾನೊಬ್ಳೇ ಹೋಗಿ ಏನಂತ ಹೇಳ್ಲಿ?"

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದ ಹೊತ್ತಿಗೆ ಕಾನ್‌ಸ್ಟೇಬಲ್ ಪಿಸಿಲಾ ರಾಜಧಾನಿಗೆ ಹೋಗಿ ಏಪ್ರಿಲ್‌ನ ಅರ್ಜಿಯ ಪ್ರತಿ ತಂದಳು. ತಂದೆಯ ಜಾಗದಲ್ಲಿ ಸಮಿಯುವಿನ ಸಹಿ ಇತ್ತು. ಆ ದಿನ ಅವನು ಆಸ್ಟ್ರೇಲಿಯಾದ ತೋಟದಲ್ಲಿದ್ದುದರಿಂದ ಅದು ಸುಳ್ಳು ಸಹಿ ಎನ್ನುವುದಕ್ಕೆ ಪಂಡಿತರೇನೂ ಬೇಕಿರಲಿಲ್ಲ. ತಾಯಿಯ ಸಹಿ ಮಾತ್ರ ದೂರಿನ ಮೇಲಿದ್ದ ಸಹಿಯಂತೆಯೇ ಇತ್ತು.

ಸಂಜೆ ಲೋಸಾಳನ್ನು ಮತ್ತೆ ಕರೆಸಿದರು.

"ಇದು ನಿಮ್ಮ ಸಹಿನಾ?"

"ಹೌದು. ಸ್ಕೂಲಿನ ಅರ್ಜಿ ಅಂದಿದ್ರು. ಓದ್ಲಿಲ್ಲ, ಹಾಕಿದೆ. ಮಗು ಹುಟ್ಟಿದ ಪತ್ರಾನೂ ಕೊಟ್ಟೆ, ಆಮೇಲೆ ವಾಪಸ್ ಬಂತು."

"ಅಂದೋರು ಯಾರು?"

ಅವಳು ಬಾಯಿ ತೆರೆಯುವಷ್ಟರಲ್ಲಿ ಸೊಲೊಮೊನೆ ಅರ್ಜಿಯ ಫೋಟೋವನ್ನು ಅವಳ ಮುಂದೆ ತಳ್ಳಿದರು. ಅದೇ ವಯಸ್ಸಿನ ಬೇರೆ ಹುಡುಗಿ. ಕಪ್ಪು ಅಂಗಿ. ಕೂದಲನ್ನು ಕಿವಿಯ ಮೇಲಕ್ಕೆ ಅಡ್ಡಾದಿಡ್ಡಿ ಕತ್ತರಿಸಲಾಗಿತ್ತು.

ಲೋಸಾ ಒಂದೇ ಕ್ಷಣ ನೋಡಿದಳು. ಆಮೇಲೆ ಫೋಟೋವನ್ನು ಬೋರಲು ಹಾಕಿದಳು.

"ಗೊತ್ತಿಲ್ಲ. ಯಾರೋ ಏನೋ."

"ಇನ್ನೊಂದ್ಸಲ ನೋಡಿ."

"ಗೊತ್ತಿಲ್ಲ ಅಂದ್ನಲ್ಲ!" ಎಂದು ಎದ್ದು ಹೊರಟೇಬಿಟ್ಟಳು. ಅಂಗಳದಲ್ಲಿ ಆಡುತ್ತಿದ್ದ ಮಗಳನ್ನು ಕರೆಯುವುದನ್ನೂ ಮರೆತು ಅರ್ಧ ದಾರಿಯಿಂದ ವಾಪಸ್ ಬಂದಳು.

ತನ್ನ ಮಗುವಿನ ಹೆಸರು ಕದ್ದವಳ ಮುಖ ಸಿಕ್ಕರೆ ಯಾವ ತಾಯಿಯಾದರೂ ಅದನ್ನು ಕಣ್ಣಲ್ಲೇ ಸುಟ್ಟುಬಿಡುತ್ತಾಳೆ. ಇವಳು ಬೋರಲು ಹಾಕಿದಳು. ಸೊಲೊಮೊನೆಗೆ ಅದು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದಂತಾಯಿತು.

"ಈ ಹುಡುಗೀಗೆ ಕ್ಷೌರ ಮಾಡಿದೋರ ಮೇಲೆ ಮೊದ್ಲು ಕೇಸ್ ಹಾಕ್ಬೇಕು ಸಾರ್," ಎಂದಳು ಪಿಸಿಲಾ. "ಮೇಕೆ ಮೇಯ್ದ ಹಾಗಿದೆ."

ಸೊಲೊಮೊನೆ ನಕ್ಕರು. ಆಮೇಲೆ ನಗು ನಿಂತಿತು.

"ಪಿಸಿಲಾ, ನಿನ್ನ ಕೂದ್ಲು ಹೀಗೆ ಯಾವಾಗ ಕತ್ತರಿಸಿದ್ರು?"

"ನಮ್ಮ ಸೋದರತ್ತೆ ತೀರಿಕೊಂಡಾಗ."

"ಚಿಕ್ಕಮ್ಮ ತೀರಿಕೊಂಡಾಗ?"

"ಅಯ್ಯೋ, ಅದಕ್ಕೆಲ್ಲಿ ಕತ್ತರಿಸ್ತಾರೆ ಸಾರ್? ಅತ್ತೆಗೆ ಮಾತ್ರ."

ಟೊಂಗಾದ ಮನೆಗಳಲ್ಲಿ ಅಪ್ಪನ ಅಕ್ಕತಂಗಿಯರ ಸ್ಥಾನ ಎಲ್ಲಕ್ಕಿಂತ ಮೇಲು. ಅವರು ಸತ್ತರೆ ಅಣ್ಣತಮ್ಮಂದಿರ ಹೆಣ್ಣುಮಕ್ಕಳ ಕೂದಲಿಗೆ ಕತ್ತರಿ ಬೀಳುತ್ತದೆ. ಫೋಟೋದ ಹುಡುಗಿ ಏಪ್ರಿಲ್‌ಗೆ ಸ್ವಲ್ಪ ಮೊದಲು ಅತ್ತೆಯನ್ನು ಕಳೆದುಕೊಂಡವಳು. ಲೋಸಾಳ ನಡುವಿನಲ್ಲಿ ಸೂತಕದ ಚಾಪೆ ಇನ್ನೂ ಬಿಚ್ಚಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳೇ ಠಾಣೆಗೆ ಬಂದಳು. ರಾತ್ರಿಯೆಲ್ಲ ಅತ್ತು ಮುಖ ಊದಿಕೊಂಡಿತ್ತು.

"ದೂರು ವಾಪಸ್ ಕೊಡಿ."

"ಕೊಡ್ತೀನಿ. ಆಗ ಆ ಪಾಸ್‌ಪೋರ್ಟ್ ಹಾಗೇ ಉಳಿಯುತ್ತೆ. ಎಲೆನೊವಾ ಮಂಗಳವಾರ ಇಲ್ಲೇ ಉಳೀತಾಳೆ. ನಿಮ್ಮ ಯಜಮಾನ್ರು ಕಾಯೋ ಹಾಗಿದ್ದಾರಾ?"

ಅವಳು ಬೆಂಚಿನ ಮೇಲೆ ಕುಸಿದಳು. "ನನ್ನ ಬಾಯಿಂದ ಆ ಹೆಸ್ರು ಬರಲ್ಲ," ಎಂದಳು.

"ನಾನು ಹೆಸರು ಕೇಳೋದೇ ಇಲ್ಲ. ಈ ಚಾಪೆ ಯಾರಿಗೋಸ್ಕರ ಕಟ್ಟಿದ್ದೀರಿ, ಅಷ್ಟು ಹೇಳಿ."

"ನಮ್ಮಕ್ಕ ಫುಸಿಗೆ. ಮಾರ್ಚಿನಲ್ಲಿ ಹೋದ್ಲು."

"ನಿಮ್ಗೆ ಅಣ್ಣತಮ್ಮಂದಿರು ಎಷ್ಟು ಜನ?"

ಲೋಸಾ ಮುಖ ಮುಚ್ಚಿಕೊಂಡಳು. ಮುಚ್ಚಿದ ಕೈಯಿಂದಲೇ ಒಂದು ಬೆರಳು ಮೇಲೆದ್ದಿತು.

ಆ ಒಬ್ಬನ ಹೆಸರು ತೌಫಾ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸೊಲೊಮೊನೆ ಮತ್ತು ಪಿಸಿಲಾ ಹೋದಾಗ ತೌಫಾ ಮನೆಯ ಹಿಂದೆ ಗೆಣಸು ಅಗೆಯುತ್ತಿದ್ದ. ತೆಂಗಿನ ಗರಿಯ ಬುಟ್ಟಿಯಲ್ಲಿ ಒಳ್ಳೊಳ್ಳೆಯ ಗೆಡ್ಡೆಗಳನ್ನೇ ಆರಿಸಿ ಜೋಡಿಸಿದ್ದ.

"ಯಾರಿಗಪ್ಪಾ ಇಷ್ಟೊಂದು?"

"ಅಕ್ಕನಿಗೆ. ಮಂಗಳವಾರ ಪ್ರಯಾಣ ಅಲ್ವಾ? ಹೊರಡೋಕೆ ಮುಂಚೆ ನೆಂಟರಿಗೆ ಊಟ ಹಾಕ್ಬೇಕು."

ಸೊಲೊಮೊನೆಗೆ ಮೈಯೆಲ್ಲ ಉರಿಯಿತು. ಅಕ್ಕನ ದಾರಿಗೆ ತಾನೇ ಬಂಡೆ ಎಳೆದಿಟ್ಟು, ಈಗ ಬುತ್ತಿ ಕಟ್ಟುತ್ತಿದ್ದಾನೆ! ಆದರೂ ದನಿ ಏರಿಸಲಿಲ್ಲ. ಹಿಂಬಾಗಿಲ ಹೊಸ್ತಿಲಲ್ಲಿ ಕುಳಿತಿದ್ದ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಕೂದಲು ಈಗ ಕಿವಿಯ ಕೆಳಗಿನವರೆಗೆ ಬೆಳೆದಿತ್ತು.

"ನಿನ್ನ ಹೆಸರೇನು ಪುಟ್ಟಿ?"

ಹುಡುಗಿ ಇವರ ಯೂನಿಫಾರ್ಮ್ ನೋಡಿದಳು, ಅಪ್ಪನ ಮುಖ ನೋಡಿದಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಪಾಠ ಒಪ್ಪಿಸುವವಳಂತೆ ಹೇಳಿದಳು.

"ಎಲೆನೊವಾ."

ತೌಫಾ ಗುದ್ದಲಿ ಬಿಟ್ಟು ಹತ್ತಿರ ಬಂದ.

"ಸಾಕು ಸೇಲಾ," ಎಂದ. "ಇನ್ನು ಬೇಡಮ್ಮಾ."

ಊರ ಅಧಿಕಾರಿ ಮತ್ತು ಪಕ್ಕದ ಮನೆಯವನು ಪಂಚರಾಗಿ ಬಂದರು. ಸುರುಳಿ ಸುತ್ತಿಟ್ಟ ಮದುವೆಯ ಚಾಪೆಯೊಳಗಿಂದ ಪಾಸ್‌ಪೋರ್ಟ್ ತೆಗೆದು ಪಂಚನಾಮೆ ಬರೆಯಲಾಯಿತು.

"ಅಕ್ಕನೇ ಹೇಳಿದ್ಲಾ?" ಎಂದು ತೌಫಾ ಕೇಳಿದ.

"ಇಲ್ಲ. ನಿನ್ನನ್ನು ಉಳಿಸೋಕೆ ದೂರೇ ವಾಪಸ್ ಕೇಳಿದ್ಲು."

ಆಗ ಅವನು ಅತ್ತ.

"ನಿನ್ನ ಮಗಳ ಹೆಸರಲ್ಲೇ ಯಾಕೆ ಮಾಡಿಸ್ಲಿಲ್ಲ?"

"ಅವಳ ಅಮ್ಮನ ಸಹಿ ಬೇಕು ಅಂದ್ರು. ಅವಳು ದೇಶದಲ್ಲಿಲ್ಲ ಅಂತ ಕಚೇರೀಲಿ ಮೊದ್ಲೇ ಬಾಯ್ಬಿಟ್ಟಿದ್ದೆ."

"ಅಮ್ಮ ಎಲ್ಲಿ?"

"ಆಕ್ಲೆಂಡಲ್ಲಿ. ಹೋಗಿ ಮೂರು ವರ್ಷ. ಮೊದ್ಲು ಫೋನ್ ಬರ್ತಿತ್ತು, ಆಮೇಲೆ ನಿಂತ್ಹೋಯ್ತು. ಹೋಗಿ ಹುಡುಕೋಣ ಅಂದ್ರೆ ಮಗೂಗೆ ಪಾಸ್‌ಪೋರ್ಟ್ ಇಲ್ಲ. ಪಾಸ್‌ಪೋರ್ಟ್ ಮಾಡ್ಸೋಣ ಅಂದ್ರೆ ಅವಳ ಸಹಿ ಇಲ್ಲ. ಮಗೂನ ಎದುರಿಗೆ ನಿಲ್ಲಿಸಿದ್ರೆ ಅವಳ ಮನಸ್ಸು ಕರಗಬಹುದು ಅಂದ್ಕೊಂಡೆ. ಟಿಕೆಟ್ಟಿನ ದುಡ್ಡು ಇನ್ನೂ ಕೂಡಿರ್ಲಿಲ್ಲ. ಹೋಗಿ ಬಂದು ಸುಟ್ಹಾಕೋಣ, ಯಾರಿಗೂ ಗೊತ್ತಾಗಲ್ಲ ಅಂತ..."

"ಭಾವನಿಗೆ ಹುಷಾರಿಲ್ಲ ಅಂತ ಗೊತ್ತಾದ ದಿನ ಯಾಕೆ ಬಾಯಿ ಬಿಡ್ಲಿಲ್ಲ?"

ಆ ದಿನ ತೌಫಾ ಅಕ್ಕನ ಮನೆಯ ಜಗಲಿಯಲ್ಲಿ ಕುಳಿತು ಎಲ್ಲರಿಗಿಂತ ಗಟ್ಟಿಯಾಗಿ ಪ್ರಾರ್ಥನೆ ಮಾಡಿದ್ದನೆಂದು ಪಕ್ಕದ ಮನೆಯವನು ಹೇಳಿದ.

ಮಧ್ಯಾಹ್ನ ಅವನನ್ನು ಬಂಧಿಸಿ ಠಾಣೆಗೆ ಕರೆತಂದರು. ಹಿಂದೆ ಪಿಸಿಲಾ ಒಂದು ಕೈಯಲ್ಲಿ ಸೇಲಾಳನ್ನೂ ಇನ್ನೊಂದು ಕೈಯಲ್ಲಿ ಗೆಣಸಿನ ಬುಟ್ಟಿಯನ್ನೂ ಹಿಡಿದು ಬಂದಳು. ಲೋಸಾ ಹೊರಕೋಣೆಯಲ್ಲೇ ಇದ್ದಳು. ಟೊಂಗಾದಲ್ಲಿ ಬುದ್ಧಿ ತಿಳಿದ ಮೇಲೆ ಅಕ್ಕತಮ್ಮಂದಿರು ಒಂದು ಕೋಣೆಯಲ್ಲಿ ಎದುರುಬದುರು ನಿಲ್ಲುವ ಪದ್ಧತಿ ಇಲ್ಲ. ಒಬ್ಬರು ಬಂದರೆ ಇನ್ನೊಬ್ಬರು ಎದ್ದು ಹೋಗಬೇಕು. ಅವಳಿಗೆ ದಾರಿಯಾಗಲೆಂದು ಸೊಲೊಮೊನೆ ಹಿತ್ತಲ ಬಾಗಿಲು ತೆರೆದರು.

ಲೋಸಾ ಕದಲಲಿಲ್ಲ. ತಮ್ಮನ ಮುಖವನ್ನು ನೆಟ್ಟಗೆ ನೋಡಿದಳು. ತೌಫಾ ತಲೆ ಬಗ್ಗಿಸಿದ.

"ನನ್ನನ್ನ ಒಂದು ಮಾತು ಕೇಳಿದ್ದಿದ್ರೆ ನಾನೇ ಆಕ್ಲೆಂಡಿಗೆ ಹೋಗಿ ಅವಳ ಕೂದ್ಲು ಹಿಡಿದು ಸಹಿ ಹಾಕಿಸ್ಕೊಂಡು ಬರ್ತಿದ್ದೆ," ಎಂದಳು.

"ಅಕ್ಕನ ಹತ್ರ ತಮ್ಮ ಕೈಚಾಚೋ ಹಾಗಿಲ್ಲ," ಎಂದ ಅವನು ನೆಲ ನೋಡುತ್ತಾ. "ನಾನು ಕೊಡಬೇಕಾದವ್ನು. ಹೇಗೆ ಕೇಳ್ಲಿ?"

"ಕೇಳೋ ಹಾಗಿಲ್ಲ. ಕದಿಯೋ ಹಾಗಿದೆ, ಅಲ್ವಾ?"

ಅವನನ್ನು ಒಳಗೆ ಕರೆದೊಯ್ದರು. ಲೋಸಾ ಸೇಲಾಳನ್ನು ಹತ್ತಿರ ಕರೆದು, ಅಡ್ಡಾದಿಡ್ಡಿ ಕೂದಲನ್ನು ಬೆರಳಿನಿಂದ ಸರಿಮಾಡಿದಳು. "ನೀನು ಸೇಲಾ. ಯಾರೇ ಕೇಳಿದ್ರೂ ಸೇಲಾ ಅನ್ನು. ನಾನು ಬರೋವರೆಗೂ ನಮ್ಮನೇಲಿ ಅಜ್ಜಿ ಹತ್ರ ಇರು," ಎಂದಳು.

ಅಂದೇ ಪೊಲೀಸ್ ವರದಿ ಕಚೇರಿ ತಲುಪಿತು. ಸೋಮವಾರ ಹೊಸ ಪಾಸ್‌ಪೋರ್ಟ್ ಬಂತು. ಮಂಗಳವಾರ ತಾಯಿ ಮಗಳು ವಿಮಾನ ಹತ್ತಿದರು. ತೌಫಾ ತಪ್ಪೊಪ್ಪಿಗೆಗೆ ಸಹಿ ಹಾಕಿದ. ಅಪರಾಧದ ಕಾರಣ ಎಂಬಲ್ಲಿ ಸೊಲೊಮೊನೆ "ಕೇಳಲು ನಾಚಿಕೆ" ಎಂದಷ್ಟೇ ಬರೆದರು.

"ಸಾರ್, ಗೆಣಸಿನ ಬುಟ್ಟಿ ಇಲ್ಲೇ ಉಳ್ಕೊಂಡಿದೆ," ಎಂದಳು ಪಿಸಿಲಾ. "ಆಯಮ್ಮ ಮರೆತು ಹೋದ್ರಾ?"

"ಮರೆತಿಲ್ಲ," ಎಂದರು ಸೊಲೊಮೊನೆ. "ಎರಡು ಸಲ ಅದರ ಮುಂದೇನೇ ಹಾದುಹೋದ್ಲು."